ಎಡಕ್ಕೆ ಎಳೆದ ಗಾಡಿ

ಸುಟ್ಟ ಮೋಟಾರು ಮೇಜಿನ ಮೇಲೆ ಬಂದರೆ ಆಕೆ ಮೊದಲು ಕೈಗೆತ್ತಿಕೊಳ್ಳುವುದು ಪೆನ್ಸಿಲ್. ಎಷ್ಟು ಕಾಯಿಲು, ಒಂದೊಂದರಲ್ಲಿ ಎಷ್ಟು ಸುತ್ತು, ತಂತಿ ಯಾವ ಗೇಜಿನದು, ಯಾವ ತುದಿ ಎಲ್ಲಿಗೆ ಸೇರಿದೆ ಎಂಬುದನ್ನೆಲ್ಲ ಉದ್ದನೆಯ ಪುಸ್ತಕದಲ್ಲಿ ಚಿತ್ರ ಬರೆದು ಗುರುತು ಹಾಕಿಕೊಂಡ ಮೇಲೆಯೇ ಹಳೆಯ ತಾಮ್ರಕ್ಕೆ ಉಳಿ ಇಡುವುದು. ಕಡಿದು ಎಸೆದ ಮೇಲೆ, ಆ ಮೋಟಾರನ್ನು ಮೊದಲು ಸುತ್ತಿದವನು ಏನು ಮಾಡಿದ್ದ ಎಂದು ತಿಳಿಯುವ ದಾರಿ ಇರುವುದಿಲ್ಲ. ಇಪ್ಪತ್ತೇಳು ವರ್ಷಗಳಿಂದ ಮನೆಯ ಮುಂದಿನ ಕೋಣೆಯಲ್ಲಿ ಮಾಡಿಕೊಂಡು ಬಂದಿರುವ ಕೆಲಸ ಇದು. ನೀರಿನ ಪಂಪು, ಹಿಟ್ಟಿನ ಗಿರಣಿಯ ಮೋಟಾರು, ಮಿಕ್ಸಿ, ಫ್ಯಾನು ಎಲ್ಲವೂ ಅಲ್ಲಿಗೇ ಬರುತ್ತವೆ. ಬೀದಿಯವರಿಗೆ ಆಕೆ ವೈಂಡಿಂಗಕ್ಕ. ವಯಸ್ಸು ಐವತ್ತೆರಡು. ಸುತ್ತು ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಎಡಗೈ ಎತ್ತಿ ತಡೆಯುತ್ತಾಳೆ, ಎಣಿಕೆ ಮುಗಿದ ಮೇಲೆ, "ಹಾಂ, ಏನಂದ್ರಿ?" ಎನ್ನುತ್ತಾಳೆ.

ಮನೆಯ ಪಕ್ಕದ ಖಾಲಿ ಜಾಗದಲ್ಲಿ, ಕಾಂಪೌಂಡ್ ಗೋಡೆಗೆ ಒತ್ತಿ, ನೀಲಿ ಟಾರ್ಪಾಲಿನ ಕೆಳಗೆ ಒಂದು ಪಿಕಪ್ ಹನ್ನೊಂದು ವರ್ಷ ನಿಂತಿತ್ತು. ಅದು ಆಕೆಯ ಅಪ್ಪನದು. ಅಪ್ಪ ಅದರಲ್ಲಿ ಮರದ ಹಲಗೆ ಸಾಗಿಸುತ್ತಿದ್ದರು. ಮಗಳಿಗೆ ಹತ್ತೊಂಬತ್ತನೇ ವಯಸ್ಸಿಗೆ ಡ್ರೈವಿಂಗ್ ಕಲಿಸಿದ್ದೂ ಅದರಲ್ಲೇ. ತೀರಿಕೊಳ್ಳುವ ಮುಂಚೆ ಕಾಗದಪತ್ರವನ್ನು ಅವಳ ಹೆಸರಿಗೆ ಮಾಡಿದ್ದರು. ಮದುವೆಯಾದ ಮೇಲೆ ಅದನ್ನು ಓಡಿಸಿದವನು ಗಂಡ. ಬೆಳಗಿನ ಜಾವ ಬೇಕರಿಯ ಬ್ರೆಡ್ ಟ್ರೇಗಳನ್ನು ಅಂಗಡಿ ಅಂಗಡಿಗೆ ಮುಟ್ಟಿಸುವ ಕೆಲಸ. ಒಂದು ಬುಧವಾರದ ನಂತರ ಆ ಕೆಲಸವೂ ನಿಂತಿತು, ಗಾಡಿಯೂ ನಿಂತಿತು. ಗಂಡ ಒಂದು ಗೋದಾಮಿನಲ್ಲಿ ಸ್ಟೋರ್ ನೋಡಿಕೊಳ್ಳಲು ಸೇರಿದ.

ಆ ಬುಧವಾರ ನಡೆದದ್ದು ಇಷ್ಟು. ಗಂಡ ಬೆನ್ನು ಹಿಡಿದುಕೊಂಡು ಮಲಗಿದ್ದ. ಅವನ ತಂಗಿ, ಅಂದರೆ ಆಕೆಯ ನಾದಿನಿ, ಹೊಲಿಗೆಯವಳು. ಹೊಸದಾಗಿ ಹಿಡಿದ ಅಂಗಡಿಗೆ ಎರಡು ಹೊಲಿಗೆ ಯಂತ್ರಗಳನ್ನು ಅಂದೇ ಸಾಗಿಸಬೇಕಿತ್ತು. "ನೀನೇ ಹೋಗಿ ಬಾ, ಎರಡು ಮೈಲಿ ದಾರಿ" ಎಂದು ಗಂಡ ಚಾವಿ ಕೊಟ್ಟ. ಆಕೆ ಓಡಿಸಿದಳು. ನಾದಿನಿ ಪಕ್ಕದಲ್ಲಿ, ಎಡಬಾಗಿಲಿನ ಹತ್ತಿರ ಕುಳಿತಿದ್ದಳು. ನೀರಿನ ಟ್ಯಾಂಕಿನ ಪಕ್ಕದ ಇಳಿಜಾರಿನಲ್ಲಿ ಅಡ್ಡರಸ್ತೆಯಿಂದ ಸೈಕಲ್ಲೊಂದು ನುಗ್ಗಿತು. ಆಕೆ ಬ್ರೇಕ್ ತುಳಿದಳು. ಸೈಕಲ್ಲಿನವನು ದಾಟಿಹೋದ, ಗಾಡಿ ಎಡಕ್ಕೆ ಹೊರಳಿ ಮೋರಿಯ ಕಟ್ಟೆಗೆ ಬಡಿಯಿತು. ಎಡಗಡೆಯ ತಗಡು ಒಳಕ್ಕೆ ಬಂದು ನಾದಿನಿಯ ಮಂಡಿಯನ್ನು ಹಿಡಿಯಿತು. ಆ ಮಂಡಿ ಇವತ್ತಿಗೂ ಮಡಚುವುದಿಲ್ಲ.

ಆಸ್ಪತ್ರೆಯ ಕಾರಿಡಾರಿನಲ್ಲಿ ಆಕೆ ಹೇಳಿದ್ದು ಒಂದೇ ಮಾತು: "ನಾನು ತಿರುಗಿಸಲಿಲ್ಲ. ಬ್ರೇಕ್ ಹಾಕ್ದೆ, ಅದೇ ಎಡಕ್ಕೆ ಹೋಯ್ತು."

ಆಗ ಅತ್ತೆ ಬದುಕಿದ್ದರು. "ಅದೇ ಹೋಯ್ತಂತೆ," ಎಂದರು ಅತ್ತೆ, ಕೂತ ಬೆಂಚಿಗೆ ಹೇಳುವಂತೆ. "ಗಾಡಿಗೇನು ತವರುಮನೆ ನೆನಪಾಗಿತ್ತಾ, ತಾನಾಗೇ ಹೋಗೋಕೆ? ಇವಳ ಕೈಗೆ ಚಾವಿ ಕೊಟ್ಟವನನ್ನ ಅನ್ನಬೇಕು."

ಗಂಡ ಬೆನ್ನು ಹಿಡಿದುಕೊಂಡೇ ಬಂದಿದ್ದ. ಕೈಯಲ್ಲಿದ್ದ ಮಾತ್ರೆಯ ಚೀಟಿಯನ್ನು ನಾಲ್ಕಾಗಿ ಮಡಚುತ್ತ, "ಹೋಗ್ಲಿ ಬಿಡಮ್ಮ. ಹೆದರಿಬಿಟ್ಟಿದ್ದಾಳೆ" ಎಂದ. ಅವತ್ತು ಆಕೆಯ ಪರವಾಗಿ ಮಾತಾಡಿದವನು ಅವನೊಬ್ಬನೇ. ಮುಂದೆ ಜಗಳವಾದಾಗಲೆಲ್ಲ ಆಕೆ ಆ ಮಾತನ್ನು ನೆನೆದು ಸುಮ್ಮನಾಗುತ್ತಿದ್ದಳು.

ಗಾಡಿ ತಾನಾಗಿ ಹೋಯಿತೋ, ತನ್ನ ಕೈ ತಿರುಗಿಸಿತೋ. ಮೊದಲ ವರ್ಷ ಆಕೆಗೆ ಉತ್ತರ ಗೊತ್ತಿತ್ತು. ಎರಡನೇ ವರ್ಷ ಅನುಮಾನ ಬಂತು. ಮೂರನೇ ವರ್ಷದ ಹೊತ್ತಿಗೆ ತನ್ನ ಕೈಯೇ ಸ್ಟೀರಿಂಗನ್ನು ಎಡಕ್ಕೆ ತಿರುಗಿಸುವುದು ಕಣ್ಣಿಗೆ ಕಟ್ಟಿದಂತೆ ಕಾಣತೊಡಗಿತು. ಲೈಸೆನ್ಸ್ ಮುಗಿದಾಗ ನವೀಕರಿಸಲಿಲ್ಲ. ಭಾನುವಾರ ಬೆಳಗಾದರೆ ಎರಡು ಬೀದಿ ಆಚೆ ನಾದಿನಿಯ ಮನೆ. ಕಸ, ನೀರು, ಬಟ್ಟೆ, ವಾರಕ್ಕಾಗುವಷ್ಟು ತರಕಾರಿ ಹೆಚ್ಚಿಡುವುದು, ಕೂತಲ್ಲಿಂದ ಏಳಲಾಗದವಳ ಕಾಲಿಗೆ ಎಣ್ಣೆ ತಿಕ್ಕುವುದು. ಕಾಲಿನಲ್ಲಿ ತುಳಿಯಲಾಗದ ಹೊಲಿಗೆ ಯಂತ್ರಕ್ಕೆ ಪುಟ್ಟ ಮೋಟಾರು ಸುತ್ತಿ ಕೂರಿಸಿಕೊಟ್ಟವಳೂ ಆಕೆಯೇ. ನಾದಿನಿ ಎಂದೂ ಒಂದು ಒರಟು ಮಾತು ಆಡಲಿಲ್ಲ. "ಅತ್ತಿಗೆ, ನೀವಿಲ್ಲದಿದ್ರೆ ನನ್ನ ಗತಿ ಏನು" ಎನ್ನುತ್ತಿದ್ದಳು. ಬೈದಿದ್ದರೆ ಹಗುರವಾಗುತ್ತಿತ್ತು ಎಂದು ಆಕೆಗೆ ಎಷ್ಟೋ ಸಲ ಅನ್ನಿಸಿದೆ.

ಕಳೆದ ವರ್ಷ ಆಕೆ ಟಾರ್ಪಾಲು ತೆಗೆದಳು. ಹೊರಗೆ ಹೇಳಿದ ಕಾರಣ ಸರಳ. ದೊಡ್ಡ ಮೋಟಾರುಗಳನ್ನು ತರಲು, ಮುಟ್ಟಿಸಲು ಬಾಡಿಗೆ ಗಾಡಿ ನಂಬಿ ಸಾಕಾಗಿತ್ತು. "ಸಂಜೆ ಬರ್ತೀನಿ ಅಂತಾನೆ. ಯಾವ ವಾರದ ಸಂಜೆ ಅಂತ ನಾವೇ ಕೇಳಿ ತಿಳ್ಕೋಬೇಕು." ಒಳಗಿನ ಕಾರಣವನ್ನು ಯಾರಿಗೂ ಹೇಳಲಿಲ್ಲ. ಗಾಡಿಯನ್ನು ಪೂರ್ತಿ ಬಿಚ್ಚಿದರೆ ಸ್ಟೀರಿಂಗಿನಲ್ಲೋ ಚಕ್ರದಲ್ಲೋ ಏನಾದರೂ ಕಂಡೀತು, ಕಾಣದಿದ್ದರೆ ತಪ್ಪು ತನ್ನದೇ ಎಂದು ಗಟ್ಟಿಯಾದೀತು. ಎರಡರಲ್ಲಿ ಒಂದು ಬೇಕಿತ್ತು.

ಗಂಡ ಮೊದಲಿನಿಂದಲೂ ಗುಜರಿಯ ಪಕ್ಷ. "ಅದರ ಆಯಸ್ಸು ಮುಗಿದಿದೆ ಕಣೆ. ಕಬ್ಬಿಣದ ತೂಕಕ್ಕೆ ಹಾಕಿಬಿಡು" ಎಂದು ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದ. ಕಾಗದ ಆಕೆಯ ಹೆಸರಿನಲ್ಲಿದ್ದುದರಿಂದ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಆಕೆ ನಿಜವಾಗಿಯೂ ಸ್ಪ್ಯಾನರ್ ಹಿಡಿದಾಗ ಅವನು ಒಂದು ದಿನ ಮುಖ ಊದಿಸಿಕೊಂಡಿದ್ದು ಆಮೇಲೆ ಕೈಜೋಡಿಸಿದ. ಬೀದಿಯ ನಾಲ್ಕು ಜನರನ್ನು ಕರೆದು ಗಾಡಿಯನ್ನು ಗೋಡೆಯಿಂದ ಜಾಗದ ನಡುವಿಗೆ ತಳ್ಳಿಸಿದ. ಟೈರುಗಳು ನೆಲಕ್ಕೆ ಅಂಟಿಕೊಂಡಿದ್ದವು. ಸೀಟಿನ ಸ್ಪಂಜಿನೊಳಗೆ ಇಲಿಗಳು ಮೂರು ತಲೆಮಾರು ಸಂಸಾರ ಮಾಡಿದ್ದವು. ಡೀಸೆಲ್ ಟ್ಯಾಂಕಿನ ತಳದಲ್ಲಿ ಟಾರಿನಂಥ ಗಸಿ. ಕ್ಯಾಬಿನ್ನಿನ ನೆಲದ ತಗಡನ್ನು ಮುಟ್ಟಿದರೆ ಹಪ್ಪಳದಂತೆ ಮುರಿಯಿತು.

ಎಂಟು ತಿಂಗಳು ಕೆಲಸ ನಡೆಯಿತು. ಬೆಳಿಗ್ಗೆ ಎರಡು ತಾಸು ಗಾಡಿ, ಆಮೇಲೆ ಮೋಟಾರು. ಸೆಲ್ಫ್ ಮೋಟಾರನ್ನೂ ಡೈನಮೋವನ್ನೂ ಆಕೆ ತನ್ನ ಮೇಜಿನ ಮೇಲೆಯೇ ಸುತ್ತಿದಳು. ಇಲಿ ಕಡಿದ ವೈರಿಂಗನ್ನು ಒಂದೊಂದಾಗಿ ಹೊಸದು ಮಾಡಿದಳು. ಎಂಜಿನ್ನಿನ ತಲೆ ಎತ್ತುವ ದಿನ ಮಾತ್ರ ಮೆಕ್ಯಾನಿಕ್ ಬಂದಿದ್ದ. ಎಡಗಡೆಯ ತಗಡು ಬಡಿದು ನೇರ ಮಾಡಲು ಒಬ್ಬ ಟಿಂಕರ್. ಬಿಚ್ಚಿದ ಪ್ರತಿ ಬೋಲ್ಟೂ ಹಳೆಯ ಬಿಸ್ಕತ್ ಡಬ್ಬಿಗಳಲ್ಲಿ, ಪ್ರತಿ ಡಬ್ಬಿಯ ಮೇಲೂ ಒಂದು ನಂಬರು, ನಂಬರಿಗೆ ಸರಿಯಾಗಿ ಪುಸ್ತಕದಲ್ಲಿ ಚಿತ್ರ. ಮೆಕ್ಯಾನಿಕ್ ನಕ್ಕಿದ್ದ: "ಅಕ್ಕಾ, ನಾವು ಬಿಚ್ಚೋದು ಅರ್ಧ ಗಂಟೆ, ನೀವು ಬರೆಯೋದು ಅರ್ಧ ದಿನ. ಹೀಗಾದ್ರೆ ಗಾಡಿಗಿಂತ ಮೊದಲು ನಾವು ಗುಜರಿಗೆ ಹೋಗ್ತೀವಿ." ಸ್ಟೀರಿಂಗ್ ಪೆಟ್ಟಿಗೆಯನ್ನೂ ಬಿಚ್ಚಿ ನೋಡಿದ್ದಾಯಿತು. ಹಲ್ಲುಗಳು ಸರಿಯಿದ್ದವು. ಅವತ್ತು ಆಕೆ ಊಟ ಮಾಡಲಿಲ್ಲ. ಉಳಿದದ್ದು ಬ್ರೇಕು.

"ಬ್ರೇಕ್ ಮಾತ್ರ ನೀನು ಮುಟ್ಟಬೇಡ," ಎಂದಿದ್ದ ಗಂಡ. "ಅದು ಜೀವದ ವಿಷಯ. ಹಳೇ ಪೈಪೆಲ್ಲ ಕಿತ್ತೆಸೆದು ಹೊಸದು ಹಾಕ್ತೀನಿ. ಈ ಭಾನುವಾರ."

ಆ ಭಾನುವಾರ ಹೋಯಿತು. ಗೋದಾಮಿನಲ್ಲಿ ಲೆಕ್ಕ ತಪಾಸಣೆ ಎಂದ. ಮುಂದಿನ ಭಾನುವಾರ ಮತ್ತೆ ಬೆನ್ನು ಎಂದ. ಮೂರನೇ ವಾರದ ಗುರುವಾರ ಬೆಳಿಗ್ಗೆ ಅವನು ಕೆಲಸಕ್ಕೆ ಹೋದ ಮೇಲೆ ಆಕೆ ಪುಸ್ತಕ, ಪೆನ್ಸಿಲು, ಒಂದು ಗೋಣಿತಾಟು ತೆಗೆದುಕೊಂಡು ಗಾಡಿಯ ಕೆಳಗೆ ಹೋದಳು. ಕೀಳುವುದು ಅವನ ಕೆಲಸವಾಗಲಿ, ಕೀಳುವ ಮೊದಲು ಯಾವ ಪೈಪು ಎಲ್ಲಿಂದ ಎಲ್ಲಿಗೆ ಎಂದು ಬರೆದಿಡದೆ ಇರಲು ಆಕೆಗೆ ಆಗಲಿಲ್ಲ. ಯಾವ ಮೆಕ್ಯಾನಿಕ್ಕೂ ಈ ಕೆಲಸ ಮಾಡುವುದಿಲ್ಲ. ಹಳೆಯ ಪೈಪು ಅಂದರೆ ಕತ್ತರಿಸಿ ಮೂಲೆಗೆ ಎಸೆಯುವ ವಸ್ತು.

ಪೆಡಲಿನ ಹತ್ತಿರದ ಸಿಲಿಂಡರಿನಿಂದ ಬ್ರೇಕ್ ಎಣ್ಣೆ ಒಯ್ಯುವ ಪೈಪು ಒಂದು ಜೋಡಣೆಗೆ ಬಂದು ನಾಲ್ಕಾಗಿ ಕವಲೊಡೆಯುತ್ತದೆ. ಒಂದೊಂದು ಚಕ್ರಕ್ಕೆ ಒಂದೊಂದು. ಹಿಂದಿನ ಎರಡನ್ನು ಬೆರಳಿನಲ್ಲಿ ಸವರಿಕೊಂಡು ಹೋಗಿ ಬರೆದಳು. ಮುಂದಿನ ಎಡದ್ದನ್ನು ಬರೆದಳು. ಮುಂದಿನ ಬಲದ್ದನ್ನು ಸವರುತ್ತಿದ್ದಾಗ ಬೆರಳಿಗೆ ಗಂಟಿನಂಥದ್ದು ಸಿಕ್ಕಿತು. ಮೇಲೆ ಗ್ರೀಸು, ಮಣ್ಣು ಕಲ್ಲಿನಂತೆ ಕಟ್ಟಿತ್ತು. ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದಳು. ಮಣ್ಣಿನ ಕೆಳಗೆ ತಾಮ್ರ ಹೊಳೆಯಿತು.

ಯಾರೋ ಪೈಪನ್ನು ಚಕ್ರದ ಹತ್ತಿರ ಮಡಚಿ, ಸುತ್ತಿಗೆಯಿಂದ ಚಪ್ಪಟೆಯಾಗಿ ಬಡಿದು, ಮಡಿಕೆ ಬಿಚ್ಚದಂತೆ ಮೇಲೆ ತಂತಿ ಸುತ್ತಿದ್ದರು. ಎನಾಮಲ್ ಹಚ್ಚಿದ ತಾಮ್ರದ ತಂತಿ, ಮೋಟಾರು ಸುತ್ತುವ ತಂತಿ. ಅಭ್ಯಾಸಬಲದಿಂದ ಆಕೆ ಎಣಿಸಿದಳು: ಹದಿನಾಲ್ಕು ಸುತ್ತು. ಒಂದರ ಮೇಲೊಂದು ಹತ್ತಿದ್ದವು; ಕೆಲಸ ಬಾರದ ಕೈ.

ಒಳಗೆ ಹೋಗಿ ಮೈಕ್ರೋಮೀಟರ್ ತಂದು ತಂತಿಯ ದಪ್ಪ ಅಳೆದಳು. ಆ ಗೇಜಿನ ತಂತಿಯನ್ನು ಆಕೆ ತನ್ನ ಕಸುಬಿನಲ್ಲಿ ಒಂದೇ ಸಲ ತರಿಸಿದ್ದಳು, ಒಂದು ಹಿಟ್ಟಿನ ಗಿರಣಿಯ ಮೋಟಾರಿಗೆ. ಹಳೆಯ ಪುಸ್ತಕಗಳು ಅಟ್ಟದ ಮೇಲಿದ್ದವು. ಧೂಳು ಕೊಡವಿ ಹುಡುಕಿದಳು. ಗಿರಣಿಯ ಮೋಟಾರು ಬಂದ ದಿನ, ತಂತಿ ತಂದ ದಿನ, ಕೆಲಸ ಮುಗಿದ ದಿನ ಎಲ್ಲವೂ ಆಕೆಯದೇ ಅಕ್ಷರದಲ್ಲಿದ್ದವು. ತಂತಿಯ ರೀಲು ಮನೆಗೆ ಬಂದದ್ದು ಆ ಬುಧವಾರಕ್ಕೆ ಎಂಟು ದಿನ ಮೊದಲು.

ಮಡಚಿದ ತುಂಡನ್ನು ಚಿತ್ರ ಬರೆದುಕೊಂಡ ನಂತರವೇ ಕತ್ತರಿಸಿದಳು. ಪತ್ರಿಕೆಯಲ್ಲಿ ಸುತ್ತಿ ರಸ್ತೆಯ ಕೊನೆಯಲ್ಲಿರುವ ಬ್ರೇಕ್ ಮೇಸ್ತ್ರಿಯ ಅಂಗಡಿಗೆ ನಡೆದಳು. ಎಪ್ಪತ್ತರ ಮನುಷ್ಯ, ನಲವತ್ತು ವರ್ಷದಿಂದ ಬ್ರೇಕ್ ಬಿಟ್ಟು ಬೇರೆ ಕೆಲಸ ಮುಟ್ಟಿಲ್ಲ.

"ಈ ಕಡೆ ಬಂದು ಹೇಳಿ ತಾಯಿ," ಎಂದರು ಮೇಸ್ತ್ರಿ. "ಆ ಕಿವಿ ಹಾರ್ನಿಗೆ ಕೊಟ್ಟಾಯ್ತು."

ಆಕೆ ತುಂಡನ್ನು ಅಂಗೈಯಲ್ಲಿಟ್ಟಳು. ಮೇಸ್ತ್ರಿ ಕನ್ನಡಕವನ್ನು ಹಣೆಗೇರಿಸಿ ನೋಡಿದರು.

"ಲೈನ್ ಬಂದ್ ಮಾಡಿದ್ದಾರೆ. ಚಕ್ರದ ಸಿಲಿಂಡರ್ ಸೋರ್ತಿದ್ರೆ, ಹೊಸದು ಸಿಗೋವರೆಗೆ ಆ ಚಕ್ರದ ಪೈಪ್ ಮಡಚಿ ಬಡಿದುಬಿಡೋದು. ಮೂರು ಚಕ್ರದ ಬ್ರೇಕಲ್ಲಿ ಎರಡು ದಿನ ದೂಡೋದು. ಎಲ್ಲ ಡ್ರೈವರ್‌ಗಳೂ ಮಾಡ್ತಾರೆ. ಮಾಡಿದೀನಿ ಅನ್ನೋನು ಮಾತ್ರ ಒಬ್ಬನೂ ಸಿಗಲ್ಲ. ಹಿಂದಿನ ಚಕ್ರದ್ದು ತಾನೇ?"

"ಮುಂದಿನದು. ಬಲಗಡೆ."

ಮೇಸ್ತ್ರಿ ಕನ್ನಡಕವನ್ನು ಮತ್ತೆ ಕಣ್ಣಿಗೆ ಇಳಿಸಿದರು. "ಮುಂದಿನದನ್ನ ಯಾರಾದ್ರೂ ಮಾಡ್ತಾರಾ? ಬ್ರೇಕ್ ತುಳಿದ್ರೆ ಎಡದ ಚಕ್ರ ಮಾತ್ರ ಹಿಡಿಯುತ್ತೆ. ಗಾಡಿ ಎಡಕ್ಕೆ ಎಳೆಯುತ್ತೆ. ಮೆಲ್ಲಗೆ ಹೋಗ್ತಿದ್ರೆ ಸ್ವಲ್ಪ. ಇಳಿಜಾರಲ್ಲಿ ಗಟ್ಟಿಯಾಗಿ ತುಳಿದ್ರೆ ಸ್ಟೀರಿಂಗ್ ಕೈಯಿಂದ ಕಿತ್ಕೊಂಡು ಹೋಗುತ್ತೆ."

"ಓಡಿಸೋರಿಗೆ ಮೊದಲೇ ಗೊತ್ತಿದ್ರೆ?"

"ಗೊತ್ತಿದ್ರೆ ಬಲಕ್ಕೆ ಎಳೆದು ಹಿಡ್ಕೊಂಡೇ ತುಳೀತಾರೆ. ಗೊತ್ತಿಲ್ಲದವರು ಏನ್ ಮಾಡೋಕಾಗುತ್ತೆ?" ತುಂಡನ್ನು ತಿರುಗಿಸುತ್ತ ಕೇಳಿದರು, "ಮೋಟಾರ್ ತಂತಿ ಸುತ್ತಿದಾನಲ್ಲ, ಯಾರಿವನು ಬುದ್ಧಿವಂತ?"

"ನಮ್ಮ ಮನೇಲಿದ್ದ ತಂತಿ ಅದು," ಎಂದಳು ಆಕೆ.

ಮೇಸ್ತ್ರಿ ತುಂಡನ್ನು ಪತ್ರಿಕೆಯಲ್ಲಿ ಸುತ್ತಿ ಹಿಂದಿರುಗಿಸಿದರು. ಸ್ಟೂಲ್ ಸರಿಸಿ ಕೊಟ್ಟರು. ಆಕೆ ಕೂರಲಿಲ್ಲ. ಹೊಸ ಪೈಪನ್ನು ಅಳತೆಗೆ ಕತ್ತರಿಸಿ ತುದಿ ಅರಳಿಸಿಕೊಡಬೇಕೆಂದು ಹೇಳಿ, ನಾಲ್ಕು ಚಕ್ರದ ಅಳತೆಯನ್ನೂ ಪುಸ್ತಕ ನೋಡಿ ಬರೆಸಿ ಮನೆಗೆ ಬಂದಳು. ಅಂದು ಮಧ್ಯಾಹ್ನ ಒಂದು ಪಂಪಿನ ಮೋಟಾರು ಸುತ್ತಬೇಕಿತ್ತು. ಎರಡು ಸಲ ಎಣಿಕೆ ತಪ್ಪಿತು. ಮೂರನೇ ಸಲ ತಂತಿ ಕತ್ತರಿಸಿ ಕೈತೊಳೆದುಕೊಂಡಳು.

ತಪ್ಪು ತನ್ನದಲ್ಲ ಎಂದು ತಿಳಿದ ದಿನ ಹೇಗಿರುತ್ತದೆ ಎಂದು ಆಕೆ ಹಿಂದೆ ಎಷ್ಟೋ ಸಲ ಊಹಿಸಿಕೊಂಡಿದ್ದಳು. ಎದೆಯ ಮೇಲಿನ ಕಲ್ಲು ಇಳಿಯುತ್ತದೆ ಎಂದುಕೊಂಡಿದ್ದಳು. ಅದು ಇಳಿದದ್ದೂ ನಿಜ. ಆದರೆ ಇಳಿದ ಕಲ್ಲನ್ನು ಎದೆಯ ಮೇಲೆ ಇಟ್ಟವರು ಯಾರೆಂಬುದು ಅದೇ ಹೊತ್ತಿಗೆ ಕಂಡಿತ್ತು. ಆಸ್ಪತ್ರೆಯ ಕಾರಿಡಾರು, ಚೀಟಿ ಮಡಚುತ್ತಿದ್ದ ಕೈ, "ಹೆದರಿಬಿಟ್ಟಿದ್ದಾಳೆ" ಎಂಬ ಮಾತು. ಇಷ್ಟು ವರ್ಷ ಜೋಪಾನ ಮಾಡಿದ ಆ ಒಂದು ಮಾತು ತನ್ನನ್ನು ಕಾಪಾಡಲು ಆಡಿದ್ದಾಗಿರಲಿಲ್ಲ. ಗೋಡೆಯ ವಿಷಯವೂ ನೆನಪಿಗೆ ಬಂತು. ಜಜ್ಜಿದ ಗಾಡಿಯನ್ನು ಎಳೆದು ತಂದವನಿಗೆ ಗಂಡ, "ಇನ್ನೂ ಒತ್ತಿ ನಿಲ್ಲಿಸಪ್ಪ, ಜಾಗ ಉಳೀಲಿ" ಎಂದು ಬಲಗಡೆಯನ್ನು ಗೋಡೆಗೆ ಅಂಟಿಸಿಯೇ ನಿಲ್ಲಿಸಿದ್ದ. ನಡುವೆ ಒಂದು ಅಂಗೈ ಹೋಗುವಷ್ಟೇ ಜಾಗವಿತ್ತು, ಆ ಚಕ್ರದ ಹತ್ತಿರ ಯಾರೂ ಬಗ್ಗಿ ನೋಡುವಂತಿರಲಿಲ್ಲ.

ಎರಡು ದಿನ ಆಕೆ ಏನೂ ಹೇಳಲಿಲ್ಲ. ಪೈಪುಗಳನ್ನು ತಂದು ಹಾಕಿದಳು, ನಾಲ್ಕೂ ಚಕ್ರಕ್ಕೆ ಹೊಸ ಸಿಲಿಂಡರು ಕೂರಿಸಿದಳು. ಶನಿವಾರ ಗೋದಾಮು ಅರ್ಧ ದಿನ. ಗಂಡ ಬಂದು ಊಟದ ಡಬ್ಬಿಯನ್ನು ಕಿಟಕಿಯ ಮೇಲಿಟ್ಟು ಗಾಡಿಯ ಕಡೆ ನೋಡಿದ. ಮುಂದಿನ ಚಕ್ರಗಳು ಬಿಚ್ಚಿದ್ದವು. ಹೊಸ ಪೈಪುಗಳು ಬಿಸಿಲಿಗೆ ಮಿನುಗುತ್ತಿದ್ದವು.

"ಬ್ರೇಕ್ ನಾನು ಮಾಡ್ತೀನಿ ಅಂದಿದ್ದೆನಲ್ಲ."

"ಮಾಡಿ ಆಯ್ತು. ಗಾಳಿ ತೆಗೀಬೇಕು, ಅದಕ್ಕೆ ಇಬ್ಬರು ಬೇಕು. ಹತ್ತಿ ಕೂತ್ಕೊಳ್ಳಿ."

"ಹಳೇ ಪೈಪೆಲ್ಲ ಎಲ್ಲಿ?"

"ಹತ್ತಿ."

ಬ್ರೇಕಿನ ಪೈಪಿನಲ್ಲಿ ಗಾಳಿ ಉಳಿದರೆ ಪೆಡಲು ಸ್ಪಂಜಿನಂತೆ ಒತ್ತಿಹೋಗುತ್ತದೆ. ಅದನ್ನು ತೆಗೆಯಲು ಒಬ್ಬರು ಮೇಲೆ ಕೂತು ಪೆಡಲು ತುಳಿದು ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಮಲಗಿ ನಿಪ್ಪಲ್ ಎಂಬ ಪುಟ್ಟ ತಿರುಪನ್ನು ಸಡಿಲಿಸಬೇಕು. ಎಣ್ಣೆಯ ಜೊತೆ ಗಾಳಿಯ ಗುಳ್ಳೆ ಬಾಟಲಿಗೆ ಬರುತ್ತದೆ. ನಿಪ್ಪಲ್ ಬಿಗಿ ಮಾಡುವ ಮೊದಲು ಮೇಲಿದ್ದವರು ಕಾಲು ತೆಗೆದರೆ ಗಾಳಿ ವಾಪಸು ಒಳಕ್ಕೆ. ಆದ್ದರಿಂದ ಕೆಳಗಿದ್ದವರು ಹೇಳುವವರೆಗೆ ಬಿಡುವಂತಿಲ್ಲ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ.

"ಒತ್ತಿ. ಹಿಡೀರಿ. ಬಿಡಿ." ದೂರದ ಚಕ್ರದಿಂದ ಶುರು. ಹಿಂದಿನ ಎಡ ಆಯಿತು, ಹಿಂದಿನ ಬಲ ಆಯಿತು, ಮುಂದಿನ ಎಡ ಆಯಿತು. "ಒತ್ತಿ. ಹಿಡೀರಿ. ಬಿಡಿ." ಮುಂದಿನ ಬಲಚಕ್ರಕ್ಕೆ ಬಂದಾಗ ಆಕೆಯ ತಲೆಗೂ ಅವನ ಕಾಲಿಗೂ ನಡುವೆ ಒಂದು ತಗಡು ಮಾತ್ರ.

"ಒತ್ತಿ." ಪೆಡಲು ಇಳಿಯಿತು. "ಹಿಡೀರಿ." ಆಕೆ ನಿಪ್ಪಲ್ ಸಡಿಲಿಸಿದಳು, ಗುಳ್ಳೆ ಬಂತು, ಬಿಗಿ ಮಾಡಿದಳು. ಆಮೇಲೆ "ಬಿಡಿ" ಎನ್ನಬೇಕಿತ್ತು, ಎನ್ನಲಿಲ್ಲ.

"ಈ ಚಕ್ರದ ಹಳೇ ಪೈಪ್ ಮೇಸ್ತ್ರಿಗೆ ತೋರಿಸ್ದೆ," ಎಂದಳು.

ನಿಪ್ಪಲಿನ ಮೇಲೆ ಹರಿದ ಎಣ್ಣೆಯನ್ನು ಬಟ್ಟೆಯಿಂದ ಒರೆಸಿದಳು.

"ಹದಿನಾಲ್ಕು ಸುತ್ತು ತಂತಿ. ಗಿರಣಿ ಮೋಟಾರಿಗೆ ತಂದದ್ದು. ನನ್ನ ಮೇಜಿಂದ ತಗೊಂಡಿದ್ರಾ, ರೀಲಿಂದನಾ?"

"ಮೇಜಿಂದ," ಎಂದ ಗಂಡ. "ತುಂಡು ಬಿದ್ದಿತ್ತು." ಮತ್ತೆ, "ಎರಡು ದಿನಕ್ಕೆ ಅಂತ ಮಾಡಿದ್ದು ಕಣೆ. ಸಿಲಿಂಡರ್ ಸಿಕ್ಕಿರಲಿಲ್ಲ. ಬ್ರೆಡ್ ನಿಲ್ಲಿಸೋ ಹಾಗಿರಲಿಲ್ಲ. ನಾನು ಬಲಕ್ಕೆ ಹಿಡ್ಕೊಂಡು ಓಡಿಸ್ತಿದ್ದೆ. ಅವತ್ತು ನಿನಗೆ ಹೇಳೋದು ಮರೆತೆ. ನಿಜವಾಗ್ಲೂ ಮರೆತೆ. ನೆನಪಾದದ್ದು ಫೋನ್ ಬಂದಾಗ."

"ಮರೆತದ್ದನ್ನ ಕೇಳ್ತಿಲ್ಲ. ನೆನಪಾದ ಮೇಲಿಂದು ಕೇಳ್ತಿದೀನಿ."

"ಅಮ್ಮ ಅಲ್ಲೇ ಕೂತಿದ್ಲು. ತಂಗಿ ಒಳಗಿದ್ಲು. ಆಗ ಹೇಗೆ ಹೇಳೋದು."

"ಮಾರನೇ ದಿನ?"

ಮೇಲೆ ಅವನು ಸೀಟಿನಲ್ಲಿ ಹೊರಳಿ ಕೂತ ಸದ್ದಾಯಿತು.

"ಅತ್ತೆ ಹೋದ ಮೇಲೆ? ನಾನು ಲೈಸೆನ್ಸ್ ಬೇಡ ಅಂದಾಗ?"

"ದಿನ ಹೋದ ಹಾಗೆ ಕಷ್ಟ ಆಯ್ತು. ನೀನೂ ಒಪ್ಕೊಂಡುಬಿಟ್ಟಿದ್ದೆ. ನಿನ್ನ ಬಾಯಲ್ಲೇ ಕೇಳಿದೆ, ನಾನೇ ತಿರುಗಿಸಿದ್ದೇನೋ ಅಂತ. ಮುಗೀತು, ಇನ್ನು ಕೆದಕೋದು ಬೇಡ ಅನ್ನಿಸ್ತು." ಅವನ ದನಿ ತಗ್ಗಿತು. "ಹೊಸ ಪೈಪ್ ತಂದು ಮಂಚದ ಕೆಳಗೆ ಇಟ್ಟಿದೀನಿ. ಭಾನುವಾರ ನೀನು ಅಲ್ಲಿಗೆ ಹೋದಾಗ ಬದಲಾಯಿಸಿಬಿಡೋಣ ಅಂತಿದ್ದೆ. ಎರಡು ಸಲ ಕೆಳಗೆ ಮಲಗ್ದೆ ಕೂಡ. ಕೈ ಬರಲಿಲ್ಲ."

ಆಕೆ ಸ್ಪ್ಯಾನರನ್ನು ನೆಲಕ್ಕಿಟ್ಟಳು. ತಾನು ಭಾನುವಾರ ಯಾರ ಮನೆಯ ನೆಲ ಒರೆಸುತ್ತಿರುತ್ತಾಳೋ, ಯಾಕೆ ಒರೆಸುತ್ತಿರುತ್ತಾಳೋ ಆ ಹೊತ್ತನ್ನೇ ಅವನು ಇದಕ್ಕೆ ಆರಿಸಿಕೊಂಡಿದ್ದ.

"ನಿಮ್ಮ ತಂಗಿಗೆ ಗೊತ್ತಾ?"



"ಆಸ್ಪತ್ರೆಯಲ್ಲೇ ಹೇಳ್ದೆ. ಮೂರನೇ ದಿನ. ಅವಳಿಗೆ ಹೇಳದೆ ಇರೋಕಾಗ್ಲಿಲ್ಲ."

"ಅವಳಿಗೆ ಹೇಳದೆ ಇರೋಕಾಗ್ಲಿಲ್ಲ," ಎಂದು ಆಕೆ ಆ ಮಾತನ್ನೇ ತಿರುಗಿ ಹೇಳಿದಳು. ಆಮೇಲೆ, "ಬಿಡಿ" ಎಂದಳು.

ಆ ಚಕ್ರದಲ್ಲಿ ಇನ್ನೂ ಗಾಳಿ ಉಳಿದಿತ್ತು. ಮತ್ತೆ ಏಳು ಸಲ ಒತ್ತಿ, ಹಿಡಿದು, ಬಿಟ್ಟ ಮೇಲೆ ಗುಳ್ಳೆ ನಿಂತಿತು. ಆ ಏಳು ಸಲದಲ್ಲಿ ಆ ಮೂರು ಮಾತು ಬಿಟ್ಟು ಬೇರೆ ಮಾತು ಆಗಲಿಲ್ಲ. ಕೆಲಸ ಮುಗಿದ ಮೇಲೆ ಗಂಡ ಇಳಿದು ಬಂದು ಮರಗಟ್ಟಿದ ಕಾಲನ್ನು ಉಜ್ಜಿಕೊಳ್ಳುತ್ತ ನಿಂತ. ಆಕೆ ಒಂದೇ ಒಂದು ವಿಷಯ ಕೇಳಿದಳು. ಹನ್ನೊಂದು ವರ್ಷದಿಂದ ತನ್ನನ್ನು ಕೈ ನೆಟ್ಟಗಿಲ್ಲದವಳು ಎಂದುಕೊಂಡಿರುವ ಅವನ ಅಣ್ಣ, ಅತ್ತಿಗೆ, ಚಿಕ್ಕಪ್ಪನ ಮನೆಯವರಿಗೆಲ್ಲ ಅವನೇ ಫೋನ್ ಮಾಡಿ ಹೇಳಬೇಕು.

"ಈಗ ಯಾಕೆ? ಎಲ್ಲರೂ ಮರೆತಿದ್ದಾರೆ," ಎಂದ.

ಆಕೆ ಬಾಟಲಿಯಲ್ಲಿದ್ದ ಕಪ್ಪು ಎಣ್ಣೆಯನ್ನು ಹಳೆಯ ಡಬ್ಬಿಗೆ ಸುರಿದಳು. ಇನ್ನೊಮ್ಮೆ ಕೇಳಲಿಲ್ಲ.

ಮರುದಿನ ಭಾನುವಾರ ಆಕೆ ನಾದಿನಿಯ ಮನೆಗೆ ಹೋಗಲಿಲ್ಲ. ಹತ್ತು ಗಂಟೆಗೆ ಫೋನ್ ಬಡಿದುಕೊಂಡಿತು, ಎತ್ತಲಿಲ್ಲ. ಹನ್ನೆರಡರ ಹೊತ್ತಿಗೆ ಬಾಗಿಲಲ್ಲಿ ಆಟೋ ನಿಂತಿತು. ನಾದಿನಿ ಕಾಲನ್ನು ಕೈಯಲ್ಲಿ ಎತ್ತಿ ಹೊರಗಿಟ್ಟು, ಊರುಗೋಲು ಹಿಡಿದು ಇಳಿದಳು. ಮೋಟಾರುಗಳ ನಡುವೆ ಗಿರಾಕಿಗಳು ಕೂರುವ ಕುರ್ಚಿಯಲ್ಲಿ ಕೂತಳು. ಗಂಡ ಬೆಳಿಗ್ಗೆಯೇ ಅವಳಿಗೆ ಫೋನ್ ಮಾಡಿ ವಿಷಯ ತಿಳಿಸಿದ್ದ.

"ಅತ್ತಿಗೆ, ಬೈದುಬಿಡಿ," ಎಂದಳು.

ಆಕೆ ಎಣಿಸುತ್ತಿದ್ದ ಕಾಯಿಲನ್ನು ಮುಗಿಸಿದಳು. ಇವತ್ತು ಎಡಗೈ ಎತ್ತಲಿಲ್ಲ.

"ಕಾಲು ಹೋದದ್ದು ನಂದು ಅತ್ತಿಗೆ. ಅದನ್ನೂ ನೋಡಿ."

"ಅದನ್ನೇ ನೋಡ್ತಾ ಬಂದೆ. ಪ್ರತಿ ಭಾನುವಾರ."

ನಾದಿನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅಣ್ಣ ಅತ್ತುಬಿಟ್ಟ ಅವತ್ತು. ಸಂಸಾರ ಒಡೆಯುತ್ತೆ, ಹೇಳಬೇಡ ಅಂದ. ಮೊದಮೊದಲು ಅವನಿಗೋಸ್ಕರ ಸುಮ್ಮನಿದ್ದೆ. ಆಮೇಲೆ ಅಮ್ಮ ಹೋದಳು. ಗೊತ್ತಾದ್ರೆ ನೀವು ಬರೋದು ನಿಲ್ಲಿಸ್ತೀರಾ ಅಂತ ಹೆದರಿಕೆ ಆಯ್ತು. ನನಗೆ ಬೇರೆ ಯಾರಿದಾರೆ?"

"ಕರೆದಿದ್ರೆ ಬರ್ತಿದ್ದೆ."

"ಬರ್ತಿದ್ರಾ?"

ಆಕೆ ಯೋಚಿಸಿದಳು. ಸುಳ್ಳು ಹೇಳಲು ಮನಸ್ಸಿರಲಿಲ್ಲ. "ಬರ್ತಿದ್ದೆನೋ ಇಲ್ವೋ, ಈಗ ಹೇಗೆ ಗೊತ್ತಾಗುತ್ತೆ? ಅದನ್ನೂ ನೀವಿಬ್ಬರೇ ತೀರ್ಮಾನ ಮಾಡಿಬಿಟ್ರಿ."

ನಾದಿನಿ ಹೊರಡಲು ಏಳುವಾಗ ಮಂಡಿ ಹಿಡಿಯಿತು. ಆಕೆ ಎದ್ದು ಹೋಗಿ ಕಂಕುಳಲ್ಲಿ ಕೈಕೊಟ್ಟು ಎಬ್ಬಿಸಿ, ಆಟೋದಲ್ಲಿ ಕೂರಿಸಿ, ಕಾಲನ್ನು ಒಳಗೆ ಎತ್ತಿಟ್ಟಳು. ಅಷ್ಟು ವರ್ಷದ ಅಭ್ಯಾಸ. ಕೈ ತಾನಾಗಿ ಮಾಡಿತು. ಆಟೋ ಹೋದ ಮೇಲೆ ಒಳಬಂದು ಕೂತಳು. ಮುಂದಿನ ಭಾನುವಾರದಿಂದ ನಾದಿನಿಯ ಮನೆಗೆ ಒಬ್ಬ ಕೆಲಸದವಳನ್ನು ಗಂಡನೇ ಗೊತ್ತುಮಾಡಿದ.

ಈಗಲೂ ಗಂಡ ಹೆಂಡತಿ ಅದೇ ಮನೆಯಲ್ಲಿದ್ದಾರೆ. ಆಕೆ ಅಡುಗೆ ಮಾಡಿಡುತ್ತಾಳೆ, ಅವನು ಬಡಿಸಿಕೊಳ್ಳುತ್ತಾನೆ. ಆಕೆಯ ಹಾಸಿಗೆ ಮುಂದಿನ ಕೋಣೆಗೆ, ವಾರ್ನಿಷ್ ವಾಸನೆಯ ನಡುವಿಗೆ ಬಂದಿದೆ. ಬೀದಿಯವರು ಕೇಳಿದರೆ, "ಅವರ ಗೊರಕೆಗಿಂತ ಇದೇ ವಾಸಿ" ಎಂದು ನಗುತ್ತಾಳೆ. ಅಣ್ಣನ ಮನೆಗಾಗಲಿ ಚಿಕ್ಕಪ್ಪನ ಮನೆಗಾಗಲಿ ಇಂದಿನವರೆಗೆ ಅವನು ಫೋನ್ ಮಾಡಿಲ್ಲ.

ಹೊಸ ಲೈಸೆನ್ಸ್ ಕೈಗೆ ಬಂದ ವಾರ, ಒಂದು ಬೆಳಿಗ್ಗೆ ಆಕೆ ಒಬ್ಬಳೇ ಪಿಕಪ್ ಹತ್ತಿದಳು. ಹಿಂದೆ ಗಿರಾಕಿಯೊಬ್ಬರ ಪಂಪಿನ ಮೋಟಾರು, ಉರುಳದಂತೆ ಹಗ್ಗ ಬಿಗಿದು. ನೀರಿನ ಟ್ಯಾಂಕಿನ ಪಕ್ಕದ ಇಳಿಜಾರಿಗೆ ಬಂದಾಗ ರಸ್ತೆ ಖಾಲಿಯಿತ್ತು. ಹಿಂದಿನಿಂದಲೂ ಯಾರೂ ಬರುತ್ತಿಲ್ಲವೆಂದು ಕನ್ನಡಿಯಲ್ಲಿ ನೋಡಿಕೊಂಡಳು. ಅರ್ಧ ಇಳಿದ ಮೇಲೆ ಗಟ್ಟಿಯಾಗಿ ಬ್ರೇಕ್ ತುಳಿದು, ಎರಡೂ ಕೈಗಳನ್ನು ಸ್ಟೀರಿಂಗಿನಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

ಗಾಡಿ ನೇರವಾಗಿ ನಿಂತಿತು. ಅಂಗುಲದಷ್ಟೂ ಆಚೀಚೆ ಹೋಗಲಿಲ್ಲ. ಎಂಜಿನ್ ಗುರುಗುಡುತ್ತಿತ್ತು. ಆಕೆಗೆ ಇದನ್ನು ಈಗಲೇ ಯಾರಿಗಾದರೂ ಹೇಳಬೇಕು ಅನ್ನಿಸಿತು. ಫೋನ್ ಕೈಗೆ ತೆಗೆದುಕೊಂಡಳು. ಇಷ್ಟು ವರ್ಷ ಹೇಳಿಕೊಳ್ಳಲು ಆಕೆಗೆ ಇದ್ದವರು ಇಬ್ಬರು. ಆ ಇಬ್ಬರಿಗೂ ಇದು ಮೊದಲೇ ಗೊತ್ತಿತ್ತು.

ಫೋನನ್ನು ಪಕ್ಕದ ಸೀಟಿನ ಮೇಲಿಟ್ಟು, ಗೇರ್ ಹಾಕಿ, ಮೋಟಾರು ಮುಟ್ಟಿಸಲು ಹೋದಳು.